ಎರಡೇ ಕೈ, ಅದೂ ಸೊಂಟದ ಮೇಲೆ ಮಾತ್ರ. ಆದರೂ ಬಾಕ್ಸಿಂಗ್ ಹುಚ್ಚು ಯಾಕೆ ಬಿಡಲ್ಲ?

ಪಟ್ಟುಪ್ರಿಯ:
ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಎಂಎಂಎ, ಅಂದ್ರೆ ಮಿಶ್ರ ಸಮರಕಲೆಯಲ್ಲಿ ಕೈ ಇದೆ, ಕಾಲಿದೆ, ಮೊಣಕೈ, ಮೊಣಕಾಲು, ಎತ್ತಿ ಒಗೆಯೋದು, ಕತ್ತು ಹಿಚುಕೋದು ಎಲ್ಲ ಇದೆ. ಬಾಕ್ಸಿಂಗಲ್ಲಿ ಏನಿದೆ? ಎರಡು ಮುಷ್ಟಿ. ಅದರ ಮೇಲೆ 17 ತೂಕದ ವರ್ಗ, ಒಂದೊಂದಕ್ಕೂ ನಾಲ್ಕು ಸಂಸ್ಥೆಗಳ ನಾಲ್ಕು ಬೆಲ್ಟು. ನಿಜವಾದ ಚಾಂಪಿಯನ್ ಯಾರು ಅಂತ ಹೇಳೋಕೆ ಗೋಡೆಗೆ ಚಾರ್ಟ್ ಅಂಟಿಸಿಕೊಳ್ಳಬೇಕು. ಇಷ್ಟಾದರೂ ಬಾಕ್ಸಿಂಗ್ ಹುಚ್ಚು ಹಿಡಿದವರು ಬೇರೆ ಆಟದ ಕಡೆ ತಿರುಗಿಯೂ ನೋಡಲ್ಲ. "ಪರಂಪರೆ", "ಕಲೆ" ಅಂತ ಗಾಳಿಮಾತು ಬೇಡ. ರಿಂಗಿನೊಳಗೆ ಏನು ನಡೆಯುತ್ತೆ ಅಂತ ಬಿಡಿಸಿ ಹೇಳಿ.

ಹನ್ನೆರಡನೇ ಸುತ್ತು:
ನೀವು ಕೊರತೆ ಅಂತ ಹೇಳಿದ್ದೇ ಉತ್ತರ. ಆಯುಧ ಕಮ್ಮಿ ಮಾಡಿದಷ್ಟೂ ಇರೋದನ್ನ ಮಸೆಯಲೇಬೇಕು. ಜ್ಯಾಬ್ ಒಂದನ್ನೇ ತಗೊಳ್ಳಿ. ನೋಡೋಕೆ ಮುಂದಿನ ಕೈ ಚಾಚಿ ಎಳೆದುಕೊಳ್ಳೋದು, ಅಷ್ಟೆ. ಒಂದು ಜ್ಯಾಬ್ ದೂರ ಅಳೆಯೋಕೆ. ಇನ್ನೊಂದು ಎದುರಾಳಿ ಕಣ್ಣೆದುರು ಗ್ಲೌಸ್ ತಂದು ಹಿಂದಿನಿಂದ ಬರೋ ಬಲಗೈ ಮರೆಮಾಡೋಕೆ. ಎದೆಗೆ ಹೊಡೆಯೋ ಜ್ಯಾಬ್ ನುಗ್ಗಿ ಬರೋನನ್ನ ನಿಲ್ಲಿಸುತ್ತೆ, ಯಾಕಂದ್ರೆ ತಲೆ ತಪ್ಪಿಸಬಹುದು, ಎದೆ ತಪ್ಪಿಸೋದು ಕಷ್ಟ. ಅರ್ಧಕ್ಕೆ ನಿಲ್ಲಿಸೋ ಸುಳ್ಳು ಜ್ಯಾಬ್ ಅವನು ಯಾವ ಕಡೆ ವಾಲ್ತಾನೆ ಅಂತ ತೋರಿಸಿಕೊಡುತ್ತೆ. ಮೊದಲ ಎರಡು ಸುತ್ತಲ್ಲಿ "ಏನೂ ನಡೀತಿಲ್ಲ" ಅಂತ ಗೊಣಗ್ತಾರಲ್ಲ, ಆಗ ನಡೀತಿರೋದು ಇದೇ ವಿಚಾರಣೆ.

1974ರಲ್ಲಿ ಕಿನ್ಷಾಸಾದಲ್ಲಿ ನಡೆದ ಮುಹಮ್ಮದ್ ಅಲಿ–ಜಾರ್ಜ್ ಫೋರ್‌ಮನ್ ಪಂದ್ಯದ ಮೊದಲ ಸುತ್ತು ನೋಡಿ. ಎಲ್ಲರೂ ಅಲಿ ಹಗ್ಗಕ್ಕೆ ಒರಗಿದ್ದನ್ನೇ ಹೇಳ್ತಾರೆ. ಅದಕ್ಕೂ ಮೊದಲು ಆತ ಜ್ಯಾಬ್ ಬಿಟ್ಟು ನೇರವಾಗಿ ಹಿಂದಿನ ಬಲಗೈಯಿಂದಲೇ ಶುರುಮಾಡಿದ್ದ. ಬಲಗೈ ದೂರದಿಂದ ಬರಬೇಕು, ಬರೋದು ಕಾಣುತ್ತೆ, ಹಾಗಾಗಿ ಅದನ್ನ ಮೊದಲ ಗುದ್ದಾಗಿ ಎಸೆಯೋದು ಅಪಾಯ. ಫ್ರೇಜಿಯರ್‌ನನ್ನೂ ನಾರ್ಟನ್‌ನನ್ನೂ ಎರಡೆರಡು ಸುತ್ತಲ್ಲಿ ಮುಗಿಸಿ ಬಂದಿದ್ದ ಫೋರ್‌ಮನ್ ಎದುರು ಹಾಗೆ ಮಾಡೋನು ಹುಚ್ಚನಿರಬೇಕು ಇಲ್ಲಾ ಲೆಕ್ಕ ಹಾಕಿದವನಿರಬೇಕು. 8ನೇ ಸುತ್ತಲ್ಲಿ ಫೋರ್‌ಮನ್ ಬಿದ್ದು ಸೋತಾಗ ಯಾವುದು ಅಂತ ಗೊತ್ತಾಯ್ತು.

ಬಕೆಟ್ ಸ್ಟೂಲ್:
ನನ್ನದು ಒಂದೇ ಸಾಲು: ಬಿದ್ದವನಿಗೆ ಹತ್ತು ಎಣಿಸ್ತಾರೆ. ಎಂಎಂಎ, ಜೂಡೋ, ಕುಸ್ತಿಯಲ್ಲಿ ಅದಿಲ್ಲ.

ಪಟ್ಟುಪ್ರಿಯ:
ಸ್ವಲ್ಪ ಬಿಡಿಸಿ ಹೇಳಿ ಸ್ವಾಮಿ.

ಬಕೆಟ್ ಸ್ಟೂಲ್:
ಎಂಎಂಎಯಲ್ಲಿ ಒಬ್ಬ ತತ್ತರಿಸಿ ಬಿದ್ದ ಅಂದ್ರೆ ಇನ್ನೊಬ್ಬ ಮೇಲೆ ಹಾರಿ ಮುಗಿಸ್ತಾನೆ. ಜೂಡೋದಲ್ಲಿ ಬೆನ್ನು ನೆಲಕ್ಕೆ ಸರಿಯಾಗಿ ತಾಗಿದ್ರೆ ಇಪ್ಪಾನ್, ಮನೆಗೆ ಹೋಗು. ಕುಸ್ತಿಯಲ್ಲಿ ಭುಜ ತಾಗಿದ್ರೆ ಚಿತ್. ಬಾಕ್ಸಿಂಗಲ್ಲಾದ್ರೆ ಹೊಡೆದವನನ್ನ ದೂರದ ಮೂಲೆಗೆ ಕಳಿಸಿ, ಬಿದ್ದವನಿಗೆ ಹತ್ತು ಸೆಕೆಂಡ್ ಕೊಡ್ತಾರೆ. ಆ ಹತ್ತು ಸೆಕೆಂಡಲ್ಲಿ ಯಾರೂ ಯಾರಿಗೂ ಹೊಡೀತಿಲ್ಲ, ಆದರೂ ಇಡೀ ಪಂದ್ಯದಲ್ಲಿ ಜನ ಉಸಿರು ಬಿಗಿಹಿಡಿಯೋದು ಆಗಲೇ. 2018ರ ಡಿಸೆಂಬರಲ್ಲಿ ವೈಲ್ಡರ್ ಹೊಡೆತಕ್ಕೆ 12ನೇ ಸುತ್ತಲ್ಲಿ ಫ್ಯೂರಿ ಅಂಗಾತ ಬಿದ್ದ. ಪಂದ್ಯ ಮುಗೀತು ಅಂದುಕೊಂಡವರೆದುರು ಎದ್ದು ನಿಂತು, ಅದೇ ಸುತ್ತಲ್ಲಿ ತಿರುಗಿ ಹೊಡೆದ. ಪಂದ್ಯ ಡ್ರಾ.

ಹಳೇ ಪುಟ:
ದೂರದ ಮೂಲೆಗೆ ಹೋಗಲೇಬೇಕು ಅನ್ನೋ ನಿಯಮಕ್ಕೆ ಒಂದು ಪ್ರಸಿದ್ಧ ಬಲಿ ಇದೆ. 1927, ಶಿಕಾಗೋ. 7ನೇ ಸುತ್ತಲ್ಲಿ ಡೆಂಪ್ಸಿ ಟನ್ನಿಯನ್ನ ಕೆಡವಿದ, ಆದರೆ ಹಳೇ ಚಾಳಿಯಂತೆ ಪಕ್ಕದಲ್ಲೇ ನಿಂತ. ಅವನು ಮೂಲೆಗೆ ಹೋಗೋವರೆಗೂ ರೆಫರಿ ಎಣಿಕೆ ಶುರುಮಾಡಲಿಲ್ಲ. ಟನ್ನಿಗೆ ಸುಮಾರು 14 ಸೆಕೆಂಡ್ ಸಿಕ್ತು. ಒಂಬತ್ತಕ್ಕೆ ಎದ್ದ, ಗೆದ್ದ. ನೂರು ವರ್ಷ ಆಗ್ತಾ ಬಂತು, ಜಗಳ ಇನ್ನೂ ಮುಗಿದಿಲ್ಲ.

ನಾಲ್ಕು ಔನ್ಸ್:
ಎಣಿಕೆ ಬಗ್ಗೆ ಇಷ್ಟು ಭಾವುಕರಾಗೋದು ಬೇಡ. ತಲೆಗೆ ಏಟು ಬಿದ್ದು ನೆಲ ಕಂಡವನನ್ನ ಎಬ್ಬಿಸಿ ಮತ್ತೆ ಅದೇ ತಲೆಗೆ ಹೊಡೆಸೋ ವ್ಯವಸ್ಥೆ ಅದು. ಇನ್ನು ದಪ್ಪ ಗ್ಲೌಸ್. ಅದು ಕಾಪಾಡೋದು ಹೊಡೆಯೋನ ಬೆರಳಿನ ಮೂಳೆಯನ್ನ, ಹೊಡೆಸಿಕೊಳ್ಳೋನ ಮಿದುಳನ್ನಲ್ಲ. ಬರಿಗೈಲಿ ಹಣೆಗೆ ಹತ್ತು ಸಲ ಹೊಡೆದ್ರೆ ಕೈ ಮುರಿಯುತ್ತೆ. ಗ್ಲೌಸ್ ಇದ್ರೆ ನೂರು ಸಲ ಹೊಡೀಬಹುದು. ಎಂಎಂಎಯಲ್ಲಿ ತಪ್ಪಿಸಿಕೊಳ್ಳೋಕೆ ದಾರಿ ಇದೆ: ಹಿಡ್ಕೊ, ಕೆಡವು, ಪಟ್ಟು ಹಾಕು, ಕೈ ತಟ್ಟಿ ಸೋಲೊಪ್ಪು.

ಬಿಗಿಪಟ್ಟಿ:
ಗ್ಲೌಸ್ ಮಾತು ಸರಿ. ವೃತ್ತಿಪರ ಪಂದ್ಯದಲ್ಲಿ ವೆಲ್ಟರ್‌ವೇಟ್ ಅಂದ್ರೆ 147 ಪೌಂಡ್‌ವರೆಗೆ ಸಾಮಾನ್ಯವಾಗಿ 8 ಔನ್ಸ್, ಅದರ ಮೇಲೆ 10 ಔನ್ಸ್. ನಿಮ್ಮ ಎಂಎಂಎ ಗ್ಲೌಸ್ 4 ಔನ್ಸ್, ನಿಮ್ಮ ಹೆಸರಲ್ಲೇ ಇದೆ. ಒಂದು ವ್ಯತ್ಯಾಸ ಬಿಟ್ಟುಬಿಟ್ರಿ: ದಪ್ಪ ಗ್ಲೌಸ್ ರಕ್ಷಣೆಗೂ ಗುರಾಣಿ. ಎರಡು ಗ್ಲೌಸ್ ಕೆನ್ನೆಗೆ ಅಂಟಿಸಿ ನಿಂತ್ರೆ ಮುಖ ಅರ್ಧ ಮುಚ್ಚುತ್ತೆ. 4 ಔನ್ಸಲ್ಲಿ ಅದೇ ನಿಲುವಲ್ಲಿ ನಿಂತ್ರೆ ಗುದ್ದು ಸಂದಿಯಲ್ಲಿ ನುಸುಳುತ್ತೆ. ಹಾಗಾಗಿ ಅವರ ರಕ್ಷಣೆಯೇ ಬೇರೆ, ದೂರ ಇನ್ನೂ ಜಾಸ್ತಿ. ಬಾಕ್ಸರ್‌ಗಳು ಒಬ್ಬರ ಹಣೆಗೆ ಒಬ್ಬರು ಹಣೆ ಕೊಟ್ಟು ನಿಂತು, ಅಂಗೈಯಗಲದ ಜಾಗದಲ್ಲಿ ಹೊಡೆದು ತಪ್ಪಿಸಿಕೊಳ್ತಾರಲ್ಲ, ಆ ಆಟ ಸಣ್ಣ ಗ್ಲೌಸಲ್ಲಿ ಅಷ್ಟು ಹೊತ್ತು ನಿಲ್ಲಲ್ಲ.

ಸುಮ್ನೆ ನೋಡುವವ:
ಅಪಾಯದ ಮಾತಿಗೆ ಸೇರಿಸ್ತೀನಿ. 1982ರ ನವೆಂಬರಲ್ಲಿ ಮಾನ್ಸಿನಿ ಎದುರು 14ನೇ ಸುತ್ತಲ್ಲಿ ಬಿದ್ದ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಕೆಲವು ದಿನಗಳಲ್ಲಿ ತೀರಿಕೊಂಡ. ಅದಾದ ಕೂಡಲೇ ಎಲ್ಲರೂ 15 ಸುತ್ತನ್ನ 12ಕ್ಕೆ ಇಳಿಸಿದ್ರು.

ಹಳೇ ಪುಟ:
"ಎಲ್ಲರೂ" ಅಲ್ಲ. ಬೆಲ್ಟ್ ಕೊಡೋ ಸಂಸ್ಥೆಗಳಲ್ಲಿ ಕೂಡಲೇ ಇಳಿಸಿದ್ದು ಡಬ್ಲ್ಯುಬಿಸಿ ಮಾತ್ರ. ಡಬ್ಲ್ಯುಬಿಎ, ಐಬಿಎಫ್ ದಾರಿಗೆ ಬರೋಕೆ ಐದಾರು ವರ್ಷ ತಗೊಂಡವು.

ನಾಲ್ಕು ಔನ್ಸ್:
ಅಲ್ಲೇ ಬಾಕ್ಸಿಂಗಿನ ಇನ್ನೊಂದು ರೋಗ ಕಾಣುತ್ತೆ. ನಾಲ್ಕು ಅಂಗಡಿ, ನಾಲ್ಕು ನಿಯಮ. ಮೇವೆದರ್–ಪ್ಯಾಕಿಯಾವ್ ಮಾತುಕತೆ ಶುರುವಾಗಿದ್ದು 2009ರಲ್ಲಿ, ಪಂದ್ಯ ಆಗಿದ್ದು 2015ರ ಮೇ 2ಕ್ಕೆ. ಹಸಿದಾಗ ಬಡಿಸದೆ ಎಲೆ ಎತ್ತುವಾಗ ಬಡಿಸಿದ ಹಾಗೆ. ಎಂಎಂಎಯ ದೊಡ್ಡ ಸಂಸ್ಥೆ ಯುಎಫ್‌ಸಿಯಲ್ಲಿ ಎದುರಾಳಿಯನ್ನ ತಪ್ಪಿಸಿಕೊಂಡು ಅಷ್ಟು ವರ್ಷ ಓಡಾಡೋಕೆ ಬಿಡಲ್ಲ.

ಹನ್ನೆರಡನೇ ಸುತ್ತು:
ಒಪ್ಪಿದೆ. ಆ ವಿಷಯದಲ್ಲಿ ಬಾಕ್ಸಿಂಗನ್ನ ಸಮರ್ಥಿಸೋಕೆ ಬಾಯಿಲ್ಲ. ಹಾಗಿದ್ರೂ ಆ ಪಂದ್ಯವನ್ನ ದುಡ್ಡು ಕೊಟ್ಟು ನೋಡಿದ್ದು ಅಮೆರಿಕದಲ್ಲೇ 46 ಲಕ್ಷ ಖರೀದಿ. ಬೈಕೊಂಡೇ ನೋಡ್ತಾರೆ.

ಮೂಲೆಯ ಮಾತು:
ಯಾರೂ ಆ ಒಂದು ನಿಮಿಷದ ಬಗ್ಗೆ ಹೇಳಲಿಲ್ಲವಲ್ಲ! ನನ್ನ ಪ್ರಕಾರ ಬಾಕ್ಸಿಂಗಿನ ಅರ್ಧ ರುಚಿ ಮೂರು ನಿಮಿಷ ಮತ್ತು ಮೂರು ನಿಮಿಷದ ನಡುವೆ ಇದೆ. 12 ಸುತ್ತಿಗೆ 11 ವಿರಾಮ.

ಮೂಲೆಯಲ್ಲಿ ಗಾಯ ನೋಡಿಕೊಳ್ಳೋ ಕಟ್‌ಮ್ಯಾನ್ ಕೆಲಸ ಹತ್ತಿರದಿಂದ ನೋಡಿ. ಗಂಟೆ ಹೊಡೆದು ಆಟಗಾರ ಸ್ಟೂಲಿಗೆ ಬರೋಕೆ ಏಳೆಂಟು ಸೆಕೆಂಡ್, ಕೊನೆಗೆ ಹತ್ತು ಸೆಕೆಂಡಿಗೆ "ಹೊರಗೆ" ಅಂತ ಶಿಳ್ಳೆ. ಕೈಗೆ ಸಿಗೋದು ನಲವತ್ತು ಸೆಕೆಂಡ್. ಹುಬ್ಬು ಹರಿದಿದ್ರೆ ಮೊದಲು ಶುಭ್ರ ಬಟ್ಟೆಯಿಂದ ಗಾಯ ಒಣಗಿಸಬೇಕು. ಒದ್ದೆ ಗಾಯದ ಮೇಲೆ ಹಾಕಿದ ಔಷಧಿ ರಕ್ತದ ಜೊತೆ ಹರಿದು ಹೋಗುತ್ತೆ. ಆಮೇಲೆ 1:1000 ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿಕಡ್ಡಿಯನ್ನ ಗಾಯದೊಳಗೆ ಇಟ್ಟು ಒತ್ತಿ ಹಿಡಿಯಬೇಕು. ಔಷಧಿಯಷ್ಟೇ ಕೆಲಸ ಆ ಒತ್ತಡವೂ ಮಾಡುತ್ತೆ. ನಡುವೆ ತೆಗೆದು "ನಿಂತಿತಾ" ಅಂತ ಇಣುಕಿದ್ರೆ ಕೆಟ್ಟಿತು. ಕೊನೆಗೆ ವ್ಯಾಸಲೀನ್ ದಪ್ಪಗೆ ಮೆತ್ತೋದು, ಮುಂದಿನ ಗುದ್ದು ಜಾರಲಿ ಅಂತ. ಊತಕ್ಕೆ ಮಂಜುಗಡ್ಡೆಯಲ್ಲಿಟ್ಟ ಪುಟ್ಟ ಇಸ್ತ್ರಿಪೆಟ್ಟಿಗೆಯಂಥ ಲೋಹದ ತುಂಡು, ಎನ್‌ಸ್ವೆಲ್. ಅದನ್ನ ಊತದ ಮೇಲೆ ನೇರ ಒತ್ತಬೇಕು. ಕೆಲವರು ಪಕ್ಕಕ್ಕೆ ಉಜ್ಜಿ ತಳ್ತಾರೆ, ಆಗ ಒಳಗಿನ ರಕ್ತನಾಳ ಇನ್ನಷ್ಟು ಹರಿದು ಕಣ್ಣು ಬೇಗ ಮುಚ್ಚುತ್ತೆ.

ಇದೇ ಹೊತ್ತಲ್ಲಿ ಕೋಚ್ ಮಾತಾಡಬೇಕು, ನೀರು ಕೊಡಬೇಕು. ಮೂವರು ಮೂರು ದಿಕ್ಕಿಂದ ಕೂಗಿದ್ರೆ ಆಟಗಾರನ ತಲೆಗೆ ಒಂದೂ ಹೋಗಲ್ಲ, ಅದಕ್ಕೇ ಒಳ್ಳೇ ಮೂಲೆಯಲ್ಲಿ ಬಾಯಿ ಒಂದೇ. ನಿಲ್ಲಿಸೋ ತೀರ್ಮಾನವೂ ಅಲ್ಲೇ. 1975ರಲ್ಲಿ ಮನಿಲಾದ ಅಲಿ–ಫ್ರೇಜಿಯರ್ ಪಂದ್ಯದಲ್ಲಿ 14 ಸುತ್ತು ಮುಗಿದಾಗ ಫ್ರೇಜಿಯರ್‌ನ ಎರಡೂ ಕಣ್ಣು ಹೆಚ್ಚುಕಮ್ಮಿ ಮುಚ್ಚಿದ್ದವು. ಉಳಿದಿದ್ದು ಮೂರೇ ನಿಮಿಷ. ಅವನ ಕೋಚ್ ಎಡ್ಡಿ ಫಚ್ ಕಳಿಸಲಿಲ್ಲ.

ಸುಮ್ನೆ ನೋಡುವವ:
ಲೂಯಿಸ್–ವಿಟಾಲಿ ಕ್ಲಿಚ್ಕೊ 2003 ಕೂಡ. ಮೂವರೂ ಜಡ್ಜ್‌ಗಳ ಚೀಟಿಯಲ್ಲಿ ವಿಟಾಲಿ 58–56 ಮುಂದಿದ್ದ, ಕಣ್ಣಿನ ಗಾಯಕ್ಕೆ 6 ಸುತ್ತಿಗೇ ಪಂದ್ಯ ನಿಂತು ಸೋತ. ಯಾವ ಹತ್ತಿಕಡ್ಡಿಯೂ ಸಾಲದ ಗಾಯ ಅದು.

ಎಂಟು ಅಂಗ:
ಥಾಯ್ಲೆಂಡಿನ ಗುದ್ದು-ಒದೆತದ ಆಟ ಮುಯ್ ಥಾಯ್ ಕಡೆಯಿಂದ ಒಂದು ತಕರಾರು. ವಿರಾಮದ ರುಚಿ ಅಂದ್ರಲ್ಲ, ಥಾಯ್ ಸ್ಟೇಡಿಯಮ್‌ಗಳಲ್ಲಿ 3 ನಿಮಿಷದ 5 ಸುತ್ತು, ನಡುವೆ 2 ನಿಮಿಷ ವಿರಾಮ. ನಿಮಗಿಂತ ದುಪ್ಪಟ್ಟು!

ಮೂಲೆಯ ಮಾತು:
ಆ ಎರಡು ನಿಮಿಷ ಬೆಟ್ ಕಟ್ಟೋರಿಗೆ ಅನುಕೂಲ ಮಾರಾಯ್ರೆ. ಮೊದಲೆರಡು ಸುತ್ತು ಇಬ್ಬರೂ ನಿಧಾನಕ್ಕೆ ಕಾಲಾಡಿಸ್ತಾರೆ, ಜೂಜಿನ ದರ ಕುದುರಿದ ಮೇಲೆ 3, 4ರಲ್ಲಿ ನಿಜವಾದ ಪಂದ್ಯ. ಮುಂದಿದ್ದವನು 5ನೇ ಸುತ್ತಲ್ಲಿ ದೂರ ನಿಂತು ಕಾಲ ಕಳೀತಾನೆ. ಗೊತ್ತಿರೋರಿಗೆ ಸೊಗಸು, ಹೊಸಬರಿಗೆ ತಲೆಬುಡ ಗೊತ್ತಾಗಲ್ಲ.

ಎಂಟು ಅಂಗ:
ಹೊಸಬರಿಗೆ ಬಾಕ್ಸಿಂಗ್ ಅಂಕವಾದ್ರೂ ಗೊತ್ತಾಗುತ್ತಾ? ಅದನ್ನ ಹೇಳಿ ನೋಡೋಣ.

ಮೂರನೇ ಜಡ್ಜ್:
ಹೇಳ್ತೀನಿ. ಪ್ರತಿ ಸುತ್ತೂ ಬೇರೆ ಪಂದ್ಯ ಅಂತ ತಿಳೀರಿ. ಗೆದ್ದವನಿಗೆ 10, ಸೋತವನಿಗೆ 9. ಒಂದು ಸಲ ಬಿದ್ರೆ ಸಾಮಾನ್ಯವಾಗಿ 10–8, ಎರಡು ಸಲ ಬಿದ್ರೆ 10–7. ನೋಡೋದು ನಾಲ್ಕು: ಸ್ವಚ್ಛವಾಗಿ ತಾಗಿದ ಗುದ್ದು, ಫಲ ಕೊಟ್ಟ ಆಕ್ರಮಣ, ರಿಂಗಿನ ಮೇಲೆ ಹತೋಟಿ, ರಕ್ಷಣೆ. ಮೊದಲನೆಯದೇ ಮುಖ್ಯ. ಹೊಸಬರು ತಪ್ಪೋದು ಎರಡನೆಯದರಲ್ಲಿ. ಸುಮ್ಮನೆ ಮುಂದಕ್ಕೆ ನುಗ್ಗೋದು ಆಕ್ರಮಣವಲ್ಲ. ನುಗ್ಗಿ ನುಗ್ಗಿ ಮುಖಕ್ಕೆ ಜ್ಯಾಬ್ ತಿಂದ್ರೆ ಆ ಸುತ್ತು ಹಿಂದೆ ಸರಿದವನದ್ದು.

ಮನೇಲಿ ಅಂಕ ಹಾಕೋರು ಕಾಮೆಂಟರಿ ದನಿ ಮುಚ್ಚಿ. ಪಕ್ಷಪಾತ ಅರ್ಧ ಅಲ್ಲಿಂದ ಬರುತ್ತೆ, ಇನ್ನರ್ಧ ಪ್ರೇಕ್ಷಕರ ಕೂಗಿನಿಂದ. ಗ್ಲೌಸಿಗೆ ಬಿದ್ದ ಹೊಡೆತಕ್ಕೂ ಜನ ಕೂಗ್ತಾರೆ. ಗುದ್ದಿನ ಮೇಲಲ್ಲ, ತಿಂದವನ ತಲೆಯ ಮೇಲೆ ಕಣ್ಣಿಡಿ. ತಲೆ ಹಿಂದಕ್ಕೆ ಜರ್ಕ್ ಹೊಡೆದ್ರೆ ತಾಗಿದೆ. ಗಂಟೆ ಹೊಡೆದ ಕೂಡಲೇ ಬರೀರಿ, ಮುಂದಿನ ಸುತ್ತು ನೋಡಿ ಹಿಂದಿನದನ್ನ ತಿದ್ದಬೇಡಿ.

ನಾಲ್ಕು ಔನ್ಸ್:
ಅಷ್ಟೆಲ್ಲ ಶಾಸ್ತ್ರ ಓದಿದ ಜಡ್ಜೇ 1987ರಲ್ಲಿ ಲೆನರ್ಡ್–ಹ್ಯಾಗ್ಲರ್ ಪಂದ್ಯದಲ್ಲಿ ಲೆನರ್ಡ್‌ಗೆ 118–110 ಕೊಟ್ಟಿದ್ದು. ಇನ್ನಿಬ್ಬರಲ್ಲಿ ಒಬ್ಬ 115–113 ಲೆನರ್ಡ್‌ಗೆ, ಮತ್ತೊಬ್ಬ 115–113 ಹ್ಯಾಗ್ಲರ್‌ಗೆ. ಒಂದೇ ಪಂದ್ಯ ನೋಡಿದ್ರಾ ಇವರು?

ಮೂರನೇ ಜಡ್ಜ್:
118–110ಗೆ ಸಮರ್ಥನೆ ಇಲ್ಲ. ಆದರೆ ಲೆನರ್ಡ್ ಸುತ್ತಿನ ಕೊನೆಗೆ ಪಟಪಟ ಅಂತ ಗುದ್ದು ಸುರಿದು ಜಡ್ಜ್‌ಗಳ ಮನಸ್ಸಲ್ಲಿ ಉಳಿದ. ಅದೂ ಒಂದು ಕಸುಬು. ಜಗಳಕ್ಕೆ ಜಾಗ ಇದೆ ಅಂತಲೇ ಜನ ಹಳೇ ಪಂದ್ಯ ಮತ್ತೆ ಮತ್ತೆ ಹಾಕಿ ನೋಡೋದು. ಮೂರು ಸೆಕೆಂಡಲ್ಲಿ ಇಪ್ಪಾನ್ ಆದ್ರೆ ಏನಂತ ಜಗಳ ಆಡ್ತೀರಿ?

ಬಿಗಿಪಟ್ಟಿ:
ಜಗಳ ತಪ್ಪಿಸೋಕೆ ಹೋಗಿ ಏನಾಯ್ತು ಅಂತ ಒಲಿಂಪಿಕ್ಸಲ್ಲಿ ನೋಡಿದ್ದೀವಲ್ಲ. 1988ರ ಸಿಯೋಲ್‌ನಲ್ಲಿ ರಾಯ್ ಜೋನ್ಸ್ ಜೂನಿಯರ್‌ನನ್ನ 3–2 ಅಂತ ಸೋಲಿಸಿದ ಹಗರಣ ಆದ ಮೇಲೆ 1992ರಿಂದ ಕಂಪ್ಯೂಟರ್ ಬಟನ್ ಬಂತು. ಐವರಲ್ಲಿ ಮೂವರು ಒಂದೇ ಸೆಕೆಂಡಿನೊಳಗೆ ಒತ್ತಿದ್ರೆ ಮಾತ್ರ ಒಂದು ಅಂಕ. ಹೊಟ್ಟೆಗೆ ಬಿದ್ದ ಗುದ್ದು ಎದುರು ಬದಿಯ ಜಡ್ಜ್‌ಗೆ ಕಾಣಲ್ಲ, ಆತ ಒತ್ತಲ್ಲ, ಅಂಕ ಬರಲ್ಲ. ಬರಬರುತ್ತಾ ಹೊಟ್ಟೆಗೆ ಹೊಡೆಯೋದನ್ನೇ ಬಿಟ್ಟು, ಒಂದು ನೇರ ಗುದ್ದು ತಾಗಿಸಿ ಓಡೋದು ಕಲಿತ್ರು. ಕತ್ತಿವರಸೆ ಥರ. 2013ರಲ್ಲಿ ಅದನ್ನ ಬಿಟ್ಟು ವೃತ್ತಿಪರರ 10 ಅಂಕದ ಪದ್ಧತಿ ತಂದ್ರು.

ಎಡಗಾಲು ಮುಂದೆ:
ಹೊಟ್ಟೆಗೆ ಹೊಡೆತ ಅಂದ್ರೆ ನೆನಪಾಯ್ತು, ಲಿವರ್ ಏಟಿನ ಬಗ್ಗೆ ಯಾರೂ ಬರೆದಿಲ್ಲ. ಬಲಪಕ್ಕೆಲುಬಿನ ಕೆಳಗಂಚು. ಮಾಮೂಲಿ ನಿಲುವಿನವನು ಬಲ ಮೊಣಕೈ ಇಳಿಬಿಟ್ಟು ಅದನ್ನ ಮುಚ್ಚಿರ್ತಾನೆ. ಹಾಗಾಗಿ ಮೊದಲು ಮೊಣಕೈ ಏಳಿಸಬೇಕು: ತಲೆಗೆ ಒಂದು ಎಡ ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸೋ ಗುದ್ದು) ಹಾಕಿ, ಅವನು ಬಲಗೈ ಎತ್ತಿ ತಡೀತಾನೆ, ಪಕ್ಕೆ ತೆರೆದುಕೊಳ್ಳುತ್ತೆ. ಅದೇ ಕೈ ಕೆಳಗಿಳಿಸಿ, ಮಂಡಿ ಬಗ್ಗಿಸಿ, ಕೆಳಗಿಂದ ಮೇಲಕ್ಕೆ ಓರೆಯಾಗಿ ಎರಡನೇ ಹುಕ್. ಸೊಂಟದಿಂದ ಬಗ್ಗಿದ್ರೆ ಕೆಟ್ಟಿರಿ, ಕೆಳಗಿಂದ ಬರೋ ಅಪ್ಪರ್‌ಕಟ್ ಗುದ್ದಿಗೆ ಮುಖವನ್ನ ಹರಿವಾಣದಲ್ಲಿಟ್ಟ ಹಾಗೆ.

ಏಟು ಬಿದ್ದಾಗ ಒಂದು ಕ್ಷಣ ಏನೂ ಆಗಲ್ಲ. ಆತ ಇನ್ನೊಂದು ಗುದ್ದು ಎಸೀಬಹುದು ಕೂಡ. ಆಮೇಲೆ ಮುಖ ಹಿಂಡಿಕೊಂಡು ಕಾಲು ಮಡಚುತ್ತೆ. ಬುದ್ಧಿ ನೆಟ್ಟಗಿರುತ್ತೆ, ಎಣಿಕೆ ಕೇಳಿಸ್ತಿರುತ್ತೆ, ಏಳೋಕೆ ಆಗಲ್ಲ. 2004ರಲ್ಲಿ ಹಾಪ್ಕಿನ್ಸ್ ಎದುರು 9ನೇ ಸುತ್ತಲ್ಲಿ ಡಿ ಲಾ ಹೋಯಾ ನೆಲಕ್ಕೆ ಗುದ್ದುತ್ತಾ ಒದ್ದಾಡಿದ್ದು ಅದಕ್ಕೇ.

ನಾಲ್ಕು ಔನ್ಸ್:
ಲಿವರ್‌ಗೆ ಕಾಲಲ್ಲಿ ಒದ್ರೆ ಇನ್ನೂ ಚೆನ್ನಾಗಿರುತ್ತೆ. 😄

ಎಡಗಾಲು ಮುಂದೆ:
ಇರುತ್ತೆ. ಆದರೆ ಒದೆತಕ್ಕೆ ಹೆದರಿ ನೀವು ಎರಡು ಹೆಜ್ಜೆ ದೂರ ನಿಲ್ತೀರಿ. ನಮಗೆ ಆ ಎರಡು ಹೆಜ್ಜೆಯೇ ಎಲ್ಲ. ರಿಂಗ್ ಸಾಮಾನ್ಯವಾಗಿ 18–20 ಅಡಿಯ ಚೌಕ, ನಾಲ್ಕು ನೇರ ಮೂಲೆ. ಓಡೋನ ಹಿಂದೆ ಓಡಿದ್ರೆ ಸುತ್ತು ಪೂರ್ತಿ ಓಡ್ತೀರಿ, ಕೈಗೆ ಸಿಗಲ್ಲ. ಅವನು ನಿಮ್ಮ ಬಲಕ್ಕೆ ಸರಿದ್ರೆ ನೀವೂ ಬಲಕ್ಕೆ ಅಡ್ಡ ಹೆಜ್ಜೆ ಇಟ್ಟು ಬಲಗೈಯನ್ನ ದೇಹಕ್ಕೆ ಬೀಸಿ ಆ ಬಾಗಿಲು ಮುಚ್ಚಿ. ಎಡಕ್ಕೆ ಸರಿದ್ರೆ ಎಡ ಹುಕ್. ಪಾದ ಅಡ್ಡಹಾಕಬೇಡಿ, ಕಾಲು ಹೆಣೆದುಕೊಂಡ ಗಳಿಗೆಯಲ್ಲಿ ಮಗುವಿನ ಗುದ್ದೂ ಕೆಡವುತ್ತೆ. ಹೀಗೆ ನಾಲ್ಕೈದು ಹೆಜ್ಜೆಯಲ್ಲಿ ಅವನ ಬೆನ್ನಿಗೆ ಹಗ್ಗ ತಾಗುತ್ತೆ. ಯುಎಫ್‌ಸಿಯ ಎಂಟು ಮೂಲೆಯ ಪಂಜರದಲ್ಲಿ ಒಂದೊಂದು ಕೋನ 135 ಡಿಗ್ರಿ, ಅಡ್ಡಗಲ 30 ಅಡಿ. ಮೂಲೆಗೆ ಸಿಕ್ಕಿಸೋದು ಅನ್ನೋದೇ ಹೆಚ್ಚುಕಮ್ಮಿ ಇಲ್ಲ. ಅಲ್ಲಿ ಬೇಲಿಗೆ ಒತ್ತಿ ಹಿಡ್ಕೊಳ್ಳೋದೇ ಬೇರೆ ವಿದ್ಯೆ.

ಪಟ್ಟುಪ್ರಿಯ:
ಇದು ಸಿಕ್ತು ನೋಡಿ. ನೆಲದ ಮೇಲಿನ ಪಟ್ಟಲ್ಲಿ ಒಂದು ಮೊಣಕಾಲು ನಾಲ್ಕು ಬೆರಳು ಜರುಗಿದ್ರೆ ಪಂದ್ಯ ತಿರುಗುತ್ತೆ, ಆದರೆ ಹಿಂದಿನ ಸಾಲಲ್ಲಿ ಕೂತವನಿಗೆ ಎರಡು ದೇಹ ಗಂಟುಬಿದ್ದಿದ್ದಷ್ಟೇ ಕಾಣೋದು. ಬಾಕ್ಸಿಂಗಲ್ಲಿ ಎಲ್ಲ ನಿಂತೇ ನಡೆಯುತ್ತೆ, ದೂರಕ್ಕೂ ಕಾಣುತ್ತೆ. ಪರಂಪರೆ ವಾದ ಮಾತ್ರ ಇನ್ನೂ ಒಪ್ಪಲ್ಲ. ಈಗಿನ ಬಾಕ್ಸಿಂಗಿಗೆ ಬುನಾದಿಯಾದ ಕ್ವೀನ್ಸ್‌ಬೆರಿ ನಿಯಮ 1867ರದ್ದು, ಕುಸ್ತಿ ಅದಕ್ಕಿಂತ ಸಾವಿರಾರು ವರ್ಷ ಹಳೆಯದು.

ಹಳೇ ಪುಟ:
ನಿಯಮ 1867ರದ್ದು, ಆಟ ಅಲ್ಲ. ಪ್ರಾಚೀನ ಒಲಿಂಪಿಕ್ಸಿಗೆ ಮುಷ್ಟಿಯುದ್ಧ ಸೇರಿದ್ದು ಕ್ರಿ.ಪೂ. 688ರಲ್ಲಿ. ಇಂಗ್ಲೆಂಡಲ್ಲಿ ಬ್ರೌಟನ್ ನಿಯಮ 1743ರದ್ದು. 1867 ತಂದಿದ್ದು ಗಡಿಯಾರ: 3 ನಿಮಿಷ ಆಟ, 1 ನಿಮಿಷ ವಿರಾಮ, ಗ್ಲೌಸ್, ಹತ್ತರ ಎಣಿಕೆ. ಅದಕ್ಕೂ ಮೊದಲು ಒಬ್ಬ ಬಿದ್ರೆ ಸುತ್ತು ಮುಗೀತು. 1889ರಲ್ಲೂ ಹಳೇ ನಿಯಮದಲ್ಲೇ ನಡೆದ ಸಲಿವನ್–ಕಿಲ್‌ರೇನ್ ಬರಿಗೈ ಪಂದ್ಯ 75 ಸುತ್ತು ಹೋಗಿದ್ದು ಹಾಗೆ. ಇಲ್ಲಿ ಮೇಲೆ ಎಲ್ಲರೂ ಹೊಗಳಿದ್ದು ಆ ಗಡಿಯಾರ ಕೊಟ್ಟ ವಸ್ತುಗಳನ್ನೇ.

ಬಕೆಟ್ ಸ್ಟೂಲ್:
ಹೆಂಗಸರ ಪಂದ್ಯದಲ್ಲಿ ಆ ಗಡಿಯಾರವೇ ಬೇರೆ. ವೃತ್ತಿಪರ ಪಂದ್ಯ ಬಹುತೇಕ 2 ನಿಮಿಷದ 10 ಸುತ್ತು. ಕಾಲ ಕಮ್ಮಿ, ಅಳೆಯೋಕೆ ಪುರುಸೊತ್ತಿಲ್ಲ, ಹಾಗಾಗಿ ಗುದ್ದು ಸುರಿಮಳೆ. 2022ರ ಕೇಟಿ ಟೇಲರ್–ಅಮಾಂಡಾ ಸೆರಾನೊ ನೋಡಿ. 5ನೇ ಸುತ್ತಲ್ಲಿ ಟೇಲರ್ ಮುಗಿದೇ ಹೋದಳು ಅನ್ನಿಸಿತ್ತು. ಇನ್ನೊಂದು ನಿಮಿಷ ಇದ್ದಿದ್ರೆ ಏನಾಗ್ತಿತ್ತೋ.

ಪಟ್ಟುಪ್ರಿಯ:
ಸರಿ, ಸೋತೆ ಅನ್ನಲ್ಲ, ಅಂಕದಲ್ಲಿ ಹಿಂದಿದ್ದೀನಿ. ಬಾಕ್ಸಿಂಗ್ ಗೊತ್ತಿಲ್ಲದವರಿಗೆ ತೋರಿಸೋಕೆ ಎರಡು ಮೂರು ಪಂದ್ಯ ಹೇಳಿ.

ಹನ್ನೆರಡನೇ ಸುತ್ತು:
ಮೊದಲು ಹ್ಯಾಗ್ಲರ್–ಹರ್ನ್ಸ್, 1985. ಮೂರನೇ ಸುತ್ತಿಗೇ ಮುಗಿಯುತ್ತೆ, ವಿವರಣೆ ಬೇಡ. ಆಮೇಲೆ ಕೊರಾಲೆಸ್–ಕ್ಯಾಸ್ಟಿಲೊ, 2005ರದ್ದು. 10ನೇ ಸುತ್ತಲ್ಲಿ ಕೊರಾಲೆಸ್ ಎರಡು ಸಲ ಬಿದ್ದು, ಬಾಯಿಗಾರ್ಡ್ ಉಗುಳಿ, ಅದನ್ನ ತೊಳೆದು ಹಾಕೋ ಹೊತ್ತಲ್ಲಿ ಉಸಿರು ಕೂಡಿಸಿಕೊಂಡು, ಒಂದು ಅಂಕ ಕಳಕೊಂಡು, ಅದೇ ಸುತ್ತಲ್ಲಿ ಗೆದ್ದ.

ನಾಲ್ಕು ಔನ್ಸ್:
ಅದು ಮೋಸ.

ಹನ್ನೆರಡನೇ ಸುತ್ತು:
ಅಂಕ ಕಟ್ ಮಾಡಿದ್ರಲ್ಲ, ದಂಡ ಕಟ್ಟಿದ ಮೇಲೆ ಮೋಸ ಏನು ಬಂತು? ಮೂರನೆಯದು ಚಾವೇಸ್–ಟೇಲರ್, 1990ರ ಮಾರ್ಚ್ 17. 11 ಸುತ್ತು ಮುಗಿದಾಗ ಇಬ್ಬರು ಜಡ್ಜ್‌ಗಳಲ್ಲಿ ಮೆಲ್ಡ್ರಿಕ್ ಟೇಲರ್ 107–102, 108–101 ಮುಂದೆ. ಅಂಕದಲ್ಲಿ ಟೇಲರ್ ಗೆಲ್ತಿದ್ದ, ಮುಖ ನೋಡಿದ್ರೆ ಚಾವೇಸ್ ಗೆಲ್ತಿದ್ದ. 12ನೇ ಸುತ್ತಿನ ಕೊನೆಗೆ ಟೇಲರ್ ಬಿದ್ದ, ಎದ್ದ. ರೆಫರಿ ಸ್ಟೀಲ್ ಏನೋ ಕೇಳಿದ, ಟೇಲರ್ ತನ್ನ ಮೂಲೆ ಕಡೆ ತಿರುಗಿದ. ಪಂದ್ಯ ನಿಂತಾಗ ಉಳಿದಿದ್ದು 2 ಸೆಕೆಂಡ್.

ಮೂರನೇ ಜಡ್ಜ್:
ಆ ಸುತ್ತು 10–8 ಚಾವೇಸ್‌ಗೆ ಕೊಟ್ಟಿದ್ರೂ ಗಂಟೆ ಹೊಡೆದಿದ್ರೆ ಟೇಲರ್ ಗೆಲ್ತಿದ್ದ. ಎರಡು ಸೆಕೆಂಡ್ ಬಿಡಬೇಕಿತ್ತು.

ಮೂಲೆಯ ಮಾತು:
ಬಿಡಬಾರದಿತ್ತು. ರೆಫರಿ ನೋಡಬೇಕಾದ್ದು ಕಣ್ಣನ್ನ, ಗಡಿಯಾರವನ್ನಲ್ಲ. ಆತ ಕೇಳಿದ್ದಕ್ಕೆ ಉತ್ತರ ಬಂತಾ?

ಮೂರನೇ ಜಡ್ಜ್:
ಕೋಚ್ ಅದೇ ಹೊತ್ತಲ್ಲಿ ರಿಂಗಿನಂಚಿಗೆ ಹತ್ತದೇ ಇದ್ದಿದ್ರೆ ಟೇಲರ್ ಆ ಕಡೆ ತಿರುಗ್ತಾನೇ ಇರಲಿಲ್ಲ.

ಮೂಲೆಯ ಮಾತು:
ಹಾಗಾದ್ರೆ ತಪ್ಪು ಮೂಲೆಯದ್ದು, ರೆಫರಿದಲ್ಲ.

ನಾಲ್ಕು ಔನ್ಸ್:
ಇದಕ್ಕೇ ನಮ್ಮಲ್ಲಿ ಕೈ ತಟ್ಟಿ ಸೋಲೊಪ್ಪೋದು ಇಟ್ಟಿರೋದು.